ಮೇ ತಿಂಗಳ ಸ್ವೆಟರು

ನಮ್ಮ ಮನೆಯ ಸಿಂಕಿನ ತೂತು ಕಟ್ಟಿಕೊಂಡಾಗ ಅದನ್ನು ಬಿಡಿಸಲು ನಾನು ಬಳಸುವುದು ಒಂಬತ್ತನೇ ನಂಬರಿನ ಒಂದು ಹೆಣಿಗೆ ಸೂಜಿ. ಅಲ್ಯೂಮಿನಿಯಂನದು. ಒಂದು ತುದಿಗೆ ಗುಂಡನೆಯ ತಲೆ, ಇನ್ನೊಂದು ತುದಿ ಸವೆದು ಮೊಂಡಾಗಿದೆ. ಬೆನ್ನು ತುರಿಸಿದರೆ ಅದೇ, ಮಂಚದ ಕೆಳಗೆ ಉರುಳಿಹೋದ ಮಾತ್ರೆಯನ್ನು ಎಳೆದುಕೊಳ್ಳಲು ಅದೇ, ಒಂದು ಕಾಲದಲ್ಲಿ ಇಡ್ಲಿ ಬೆಂದಿದೆಯೇ ಎಂದು ಚುಚ್ಚಿ ನೋಡಲೂ ಅದೇ. ಮುಖ ಸಿಂಡರಿಸಬೇಡಿ, ಅದು ಸಿಂಕಿನ ಕೆಲಸಕ್ಕೆ ಸೇರುವ ಮೊದಲು. ಹೆಣೆಯಲು ಮಾತ್ರ ಅದು ಬರುವುದಿಲ್ಲ. ಜೊತೆಯದು ಎಲ್ಲಿ ಹೋಯಿತೋ ತಿಳಿಯದು. ಎರಡೂ ಇದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಏಕೆಂದರೆ ನನಗೆ ಹೆಣಿಗೆ ಬರುವುದಿಲ್ಲ.

ಹೋದ ವಾರ ನಲ್ಲಿ ರಿಪೇರಿಗೆ ಬಂದವನು ಅದನ್ನು ಎತ್ತಿ ನೋಡಿ, ತೆಲುಗಿನಲ್ಲಿ, "ಇದೇಂ ಟೂಲ್ ಅಮ್ಮಾ?" ಎಂದು ಕೇಳಿದ. ತನ್ನ ಚೀಲದಲ್ಲಿಲ್ಲದ ಒಂದು ಉಪಕರಣ ನನ್ನ ಹತ್ತಿರ ಇದೆಯಲ್ಲ ಎಂಬ ಗೌರವ ಅವನ ಮುಖದಲ್ಲಿತ್ತು. ನಾನು ಹೇಳಲು ಶುರು ಮಾಡಿದೆ. ಕಥೆಯಲ್ಲಿ ನಾನು ಉಣ್ಣೆ ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಅವನು ವಾಷರ್ ಬದಲಿಸಿ ಮೆಟ್ಟಿಲು ಇಳಿದಿದ್ದ. ಅರ್ಧ ಹೇಳಿದ ಕಥೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ. ನೀವು ಹೇಗೂ ಕೂತಿದ್ದೀರಿ.

ಆದರೆ ಒಂದು ಎಚ್ಚರಿಕೆ ಕೊಡಬೇಕು. ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಸ್ವಲ್ಪ ಚೆನ್ನಾಗುತ್ತಾ ಹೋಗಿದೆ. ಅದೇ ನನ್ನ ಅನುಮಾನ. ನಡೆದದ್ದು ಯಾವುದೂ ಇಷ್ಟು ಚೆನ್ನಾಗಿರುವುದಿಲ್ಲ. ಪುಣೆಯಲ್ಲಿರುವ ನನ್ನ ತಮ್ಮನಂತೂ ಫೋನಿನಲ್ಲಿ, "ಅಕ್ಕಾ, ನಮ್ಮ ಮನ್ಯಾಗ ಆಗ ಕೂಲರ್ ಇರಲೇ ಇಲ್ಲ, ನಿನ್ನ ಕಥಿಯೊಳಗ ಮಾತ್ರ ಗಾಳಿ ಬೀಸಾಕತ್ತೈತಿ," ಎನ್ನುತ್ತಾನೆ. ಆದ್ದರಿಂದ ಕೂಲರನ್ನು ತೆಗೆದುಬಿಡುತ್ತೇನೆ. ಸೆಕೆ ಇರಲಿ.

ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ಮನೆ ಹಳಿಗೆ ಎಷ್ಟು ಹತ್ತಿರವೆಂದರೆ ಗಾಡಿ ಬಂದಾಗ ನಾವು ಮಾತು ನಿಲ್ಲಿಸಿ, ಕೊನೆಯ ಡಬ್ಬಿ ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದೆವು. ಊರಿಂದ ಬಂದ ನೆಂಟರಿಗೆ ನಾವೆಲ್ಲ ಸ್ವಲ್ಪ ಮಂದಬುದ್ಧಿಯವರಂತೆ ಕಂಡಿರಬೇಕು. ನನಗೆ ಹನ್ನೊಂದು ವರ್ಷ. ಆ ಬೇಸಿಗೆ ರಜೆಯಲ್ಲಿ ಅವ್ವನ ತಂಗಿ ಶಾಂತಾ ಮೌಶಿ ಹುಮನಾಬಾದಿನಿಂದ ಒಂದು ಟ್ರಂಕು ಹಿಡಿದು ಬಂದಳು. ರಜೆಗೆ ಬಂದವಳಲ್ಲ, ಪರೀಕ್ಷೆಗೆ ಬಂದವಳು.

ಮೌಶಿಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹುಮನಾಬಾದಿನಲ್ಲಿ ಅಣ್ಣನ, ಅಂದರೆ ನಮ್ಮ ಮಾಮಾನ, ಮನೆಯಲ್ಲಿದ್ದಳು. ಮಾಮಾನಿಗೆ ನಾಲ್ಕು ಮಕ್ಕಳು. ಆ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿಬರುತ್ತಿದ್ದ ಮಾತು "ಶಾಂತಾ ಅದಾಳಲ್ಲ." ಹಾಲು ಉಕ್ಕಿದರೆ ಶಾಂತಾ ಅದಾಳಲ್ಲ, ಹುಡುಗನಿಗೆ ಜ್ವರ ಬಂದರೆ ಶಾಂತಾ ಅದಾಳಲ್ಲ. ಕೈಕೆಲಸದ ಟೀಚರುಗಳಿಗೆಂದು ಸರ್ಕಾರ ರಜೆಯಲ್ಲಿ ನಡೆಸುವ ಆರು ವಾರದ ತರಬೇತಿಯ ಸುದ್ದಿ ಅವ್ವನ ಕಿವಿಗೆ ಬಿದ್ದದ್ದು ಹೇಗೋ ನನಗೆ ಗೊತ್ತಿಲ್ಲ. ಸನತ್‌ನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಣಿಗೆ, ಹೊಲಿಗೆ ಕಲಿಸುವವರು ಬೇಕಾಗಿದ್ದರು. ತರಬೇತಿ ಪಾಸಾದರೆ ಆ ಕೆಲಸ ಮೌಶಿಗೆ. ಆಗದಿದ್ದರೆ ಏನು ಎಂಬುದನ್ನು ಮಾಮಾ ಪತ್ರದಲ್ಲಿ ಬರೆದಿದ್ದ: ಹುಡುಗರ ಸಾಲಿ ಸುರುವಾಗುತ್ತದೆ, ಜೂನ್ ಹದಿನೈದರೊಳಗೆ ಶಾಂತಾಳನ್ನು ಕಳಿಸುವುದು, ಇಲ್ಲಿ ಎಲ್ಲರೂ ಕ್ಷೇಮ.

"ಪಾಸಾಗಲಿಲ್ಲಂದ್ರ ಹದಿನೈದನೇ ತಾರೀಖಿಗೆ ನಾ ಅಲ್ಲಿ ನಾಲ್ಕು ಹುಡುಗರ ತಲಿ ಬಾಚಿಕೋತ ಕುಂತಿರ್ತೀನಿ ಅಕ್ಕಾ," ಎಂದಳು ಮೌಶಿ.

"ಪಾಸಾದ್ರ?"

"ಪಾಸಾದ್ರ ನಲವತ್ತು ಹುಡುಗ್ಯಾರು. ಆದ್ರ ಅವರ ತಲಿ ಅವರವರ ಅವ್ವಗೋಳು ಬಾಚಿ ಕಳಸ್ತಾರ."

ಪಾಸಾಗಲು ಒಂದು ಪೂರ್ತಿ ತೋಳಿನ ಗಂಡಸರ ಸ್ವೆಟರನ್ನು ಹೆಣೆದು ಕೊನೆಯ ದಿನ ಒಪ್ಪಿಸಬೇಕಿತ್ತು. ಉಣ್ಣೆ ತಿಳಿ ಬಣ್ಣದ್ದಾಗಿರಬೇಕು, ಒಂದೊಂದು ಕುಣಿಕೆಯೂ ಕಾಣಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಪೂರ್ತಿ ಸ್ವೆಟರು ಒಂದೇ ಕೈಯದ್ದಾಗಿರಬೇಕು. ಬೇರೆಯವರ ಕೈ ಸೇರಿದ್ದು ಕಂಡರೆ ನಪಾಸು ಎಂದು ತರಬೇತಿಯ ದೊಡ್ಡ ಮೇಡಮ್ಮು ಮೊದಲ ದಿನವೇ ಹೇಳಿದ್ದರು.

ಕೈ ಎಂದರೆ ಏನೆಂದು ನನಗೆ ತಿಳಿದದ್ದು ಸುಲ್ತಾನ್ ಬಜಾರಿನಲ್ಲಿ. ಮೇ ತಿಂಗಳಲ್ಲಿ ಉಣ್ಣೆ ಕೇಳಿಕೊಂಡು ಬಂದ ನಮ್ಮನ್ನು ಅಂಗಡಿಯ ಸೇಠ ತಣ್ಣನೆಯ ಕಣ್ಣಿನಿಂದ ನೋಡಿದ. ಬೇಸಿಗೆಯಲ್ಲಿ ಅವನ ಅಂಗಡಿಯ ಮುಂಭಾಗದಲ್ಲಿ ಟವೆಲ್ಲು, ಬನಿಯನ್ನು, ಕರವಸ್ತ್ರ. ಉಣ್ಣೆಯೆಲ್ಲ ಅಟ್ಟದ ಮೇಲೆ ನುಸಿಗುಳಿಗೆಯ ವಾಸನೆಯಲ್ಲಿ ನಿದ್ದೆ ಮಾಡುತ್ತಿತ್ತು. ಏಣಿ ಹತ್ತಿ ಒಂದು ಗಂಟು ಇಳಿಸಿ ಬಿಚ್ಚಿದಾಗ ಎಷ್ಟೋ ಲಡಿಗಳು ಹೊರಬಿದ್ದವು. ಒಂದೊಂದು ಲಡಿಗೂ ಒಂದು ಕಾಗದದ ಪಟ್ಟಿ, ಪಟ್ಟಿಯ ಮೇಲೆ ಲಾಟ್ ನಂಬರು. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿ ತೆಗೆದದ್ದು ಒಂದರಂತೆ ಇನ್ನೊಂದು ಇರುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅಕ್ಕತಂಗಿಯರಂತೆ ಕಂಡವು ತೊಟ್ಟವನ ಎದೆಯ ಮೇಲೆ ಬಿಸಿಲಿಗೆ ಬಂದಾಗ ಸವತಿಯರಾಗಿರುತ್ತವೆ. ಮೌಶಿ ಆರಿಸಿದ್ದು ಬಾದಾಮಿ ಬಣ್ಣ. (ತಮ್ಮನ ಪ್ರಕಾರ ಮೋಸಂಬಿ. ಅವನಿಗೆ ಆಗ ಆರು ವರ್ಷ, ಅವನಿಗೆ ಎಲ್ಲವೂ ತಿನ್ನುವ ವಸ್ತುವೇ. ಬಾದಾಮಿಯೂ ತಿನ್ನುವುದೇ ಅನ್ನುತ್ತಾನೆ.)

"ಹಾಥ್ ಕೈಸಾ ಹೈ ಅಮ್ಮಾ? ಟೈಟ್, ಕಿ ಢೀಲಾ?" ಎಂದ ಸೇಠ. ಕೈ ಹೇಗಿದೆ, ಬಿಗಿಯೋ ಸಡಿಲವೋ.

"ಬರಾಬರ್ ಹೈ," ಎಂದಳು ಮೌಶಿ, ಕತ್ತು ಸ್ವಲ್ಪ ನೆಟ್ಟಗೆ ಮಾಡಿಕೊಂಡು.

"ಬರಾಬರ್ ಹಾಥ್ ತೋ ಮೇರೀ ಘರ್‌ವಾಲೀ ಕಾ ಭೀ ನಈಂ ಹೈ." ಸರಿಸಮ ಕೈ ನನ್ನ ಹೆಂಡತಿಗೂ ಇಲ್ಲ ಎಂದದ್ದು ಅಭಿಮಾನವೋ ದೂರೋ ತಿಳಿಯಲಿಲ್ಲ. "ಗ್ಯಾರಾ ಲೇ ಲೋ."

ಹನ್ನೊಂದು ಲಡಿ ಬೇಡ, ಒಂಬತ್ತು ಸಾಕು ಎಂದಳು ಮೌಶಿ. ತನ್ನ ಕೈಗೆ ಎಷ್ಟು ಬೇಕೆಂಬುದು ತನಗೆ ಗೊತ್ತು ಎಂದಳು. ಆಮೇಲೆ ಬಂದರೆ ಈ ಲಾಟ್ ಸಿಗುವುದಿಲ್ಲ ಎಂದು ಸೇಠ ಎರಡು ಸಲ ಹೇಳಿದ. ಮೌಶಿ ಎರಡು ಸಲ ತಲೆ ಅಲ್ಲಾಡಿಸಿದಳು.

ಆ ರಜೆಯ ಮೊದಲರ್ಧವನ್ನು ನಾನು ಒಂದು ಕಂಬವಾಗಿ ಕಳೆದೆ. ಲಡಿಯನ್ನು ನನ್ನ ಎರಡು ಮುಂಗೈಗಳಿಗೆ ಹಾಕಿ ಮೌಶಿ ಉಂಡೆ ಸುತ್ತುತ್ತಿದ್ದಳು. ನಾನು ಕೈಗಳನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗಿಸುತ್ತಾ ದಾರ ಬಿಡಬೇಕು. ಆಗಲೇ ಮೂಗು ತುರಿಸುತ್ತದೆ. ಉಣ್ಣೆಗೂ ಮೂಗಿಗೂ ಏನು ಸಂಬಂಧವೋ ಇಂದಿಗೂ ಅರ್ಥವಾಗಿಲ್ಲ. ಸುತ್ತಿ ಮುಗಿದ ಮೇಲೆ ಮೌಶಿ ಮಡಕೆಯ ನೀರಿನಲ್ಲಿ ಕೈ ಅದ್ದಿ, ಒರೆಸಿ, ಅಂಗೈಗೆ ಪೌಡರು ಹಚ್ಚಿಕೊಂಡು ಕೂರುತ್ತಿದ್ದಳು. ಬೆವರು ತಾಗಿ ಬಣ್ಣ ಕೆಡಬಾರದೆಂದು ಹೆಣೆದ ಭಾಗವನ್ನೆಲ್ಲ ದಿಂಬಿನ ಕವರಿನೊಳಗೆ ಇಳಿಬಿಟ್ಟಿದ್ದಳು. ನೋಡಿದವರಿಗೆ ಅವಳು ದಿಂಬಿಗೆ ಹಾಲುಣಿಸುತ್ತಿದ್ದಂತೆ ಕಾಣುತ್ತಿತ್ತು. ಹೊರಗೆ ಡಾಂಬರು ಕರಗುತ್ತಿದೆ, ಒಳಗೆ ಗಂಡಸರ ಸ್ವೆಟರು ಬೆಳೆಯುತ್ತಿದೆ.

"ಮೇ ತಿಂಗಳದಾಗ ಸ್ವೆಟರು ಅಂದ್ರ ಡಿಸೆಂಬರ್‌ದಾಗ ಕುಲ್ಫಿ ಮಾಡಿದಂಗ," ಎಂದ ಅಪ್ಪ, ಡ್ಯೂಟಿಯಿಂದ ಬಂದು ಅಂಗಿ ಬಿಚ್ಚಿ ಹಿಂಡುತ್ತಾ.

"ಕುಲ್ಫಿ ನೀವು ಡಿಸೆಂಬರ್‌ದಾಗೂ ತಿಂತೀರಿ ಭಾವಾ," ಎಂದಳು ಮೌಶಿ, ಸೂಜಿಯಿಂದ ಕಣ್ಣೆತ್ತದೆ. ಕಣ್ಣು ಸೂಜಿಯ ಮೇಲೂ ಇರಲಿಲ್ಲ. ಅವಳು ನೋಡದೆಯೇ ಹೆಣೆಯುತ್ತಿದ್ದಳು. ಅದೇ ನನ್ನನ್ನು ಕೆಡಿಸಿದ್ದು. ನೋಡದೆ ಮಾಡುವ ಕೆಲಸ ನೋಡುವವರಿಗೆ ಬಹಳ ಸುಲಭವಾಗಿ ಕಾಣುತ್ತದೆ.

ಸೈಕಲ್ ಅಂಗಡಿಯಿಂದ ಎರಡು ಹಳೆಯ ಕಡ್ಡಿಗಳನ್ನು ತಂದು, ತುದಿಯನ್ನು ಹಿತ್ತಿಲ ಮೆಟ್ಟಿಲಿಗೆ ತಿಕ್ಕಿ ನುಣುಪು ಮಾಡಿಕೊಂಡೆ. ದಾರಕ್ಕೇನು ಮಾಡುವುದು? ಟ್ರಂಕಿನಲ್ಲಿದ್ದ ಬಾದಾಮಿ ಉಂಡೆಯೊಂದರಿಂದ ನಾಲ್ಕು ಮಾರು ಕತ್ತರಿಸಿಕೊಂಡೆ. ಎರಡು ದಿನ ಬಿಟ್ಟು ಇನ್ನೂ ನಾಲ್ಕು. ಕೇಳಿದ್ದರೆ ಮೌಶಿಯೇ ಹೇಳಿಕೊಡುತ್ತಿದ್ದಳು. ಕೇಳುವುದರಲ್ಲಿ ಏನು ಮಜಾ? ಒಂದು ದಾರ, ಎಲ್ಲೂ ಗಂಟು ಬೀಳದೆ, ತನ್ನ ಮೇಲೆ ತಾನೇ ಹಾದು ಬಟ್ಟೆಯಾಗುತ್ತದೆ. ತುದಿ ಹಿಡಿದು ಎಳೆದರೆ ಮತ್ತೆ ದಾರವಾಗುತ್ತದೆ. ಇದನ್ನು ನಾನೇ ಕಂಡುಹಿಡಿಯಬೇಕೆಂದು ಬಾಗಿಲ ಹಿಂದೆ ಕುಳಿತೆ. ಚೌಕವಾಗಬೇಕಿದ್ದದ್ದು ತ್ರಿಕೋನವಾಯಿತು. ಬಿಗಿ ಎಷ್ಟೆಂದರೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಅದನ್ನು ಅಪ್ಪನ ಹಳೆಯ ಬೂಟಿನೊಳಗೆ ತುರುಕಿ ಮರೆತೆ.

ಮರೆತೆ ಎಂದದ್ದು ಸುಳ್ಳು. ಬೆನ್ನು ಮುಗಿಯಿತು, ಎದೆ ಮುಗಿಯಿತು, ಬಲತೋಳು ಮುಗಿಯಿತು. ಎಡತೋಳಿಗೆ ಕೈ ಹಾಕಿದಾಗ ಮೌಶಿಯ ಹತ್ತಿರ ಉಳಿದಿದ್ದು ನಿಂಬೆಹಣ್ಣಿನಷ್ಟು ಉಂಡೆ. ಒಪ್ಪಿಸಲು ಇನ್ನು ಎಂಟು ದಿನ. ಆ ನಿಂಬೆಹಣ್ಣನ್ನು ನೋಡುತ್ತಾ ಮೌಶಿ ಕುಳಿತಿದ್ದಾಗ, ಬೂಟಿನೊಳಗಿನ ತ್ರಿಕೋನ ಕೋಣೆಯ ಆ ಕಡೆಯಿಂದ ನನ್ನನ್ನೇ ನೋಡುತ್ತಿತ್ತು.

"ಏಳ. ಚಪ್ಪಲಿ ಹಾಕ್ಕೋ," ಎಂದಳು ಮೌಶಿ.

ನನ್ನ ಫ್ರಾಕಿನ ಎದೆಗೆ ಬಾದಾಮಿ ದಾರದ ತುಣುಕೊಂದನ್ನು ಪಿನ್ನಿನಿಂದ ಸಿಕ್ಕಿಸಿ ಬಸ್ಸು ಹತ್ತಿಸಿದಳು. ಸುಲ್ತಾನ್ ಬಜಾರಿನ ಸೇಠ ಆ ಲಾಟ್ ಮುಗಿಯಿತು ಎಂದು ಕೈ ಅಲ್ಲಾಡಿಸಿದ, ಹೇಳಿದ್ದೆನಲ್ಲ ಎಂದು ಮಾತ್ರ ಹೇಳಲಿಲ್ಲ, ಒಳ್ಳೆಯವನು. ಸಿಕಂದರಾಬಾದಿನ ಜನರಲ್ ಬಜಾರಿನಲ್ಲಿ ನೋಡಿ ಎಂದ. ಇನ್ನೊಂದು ಬಸ್ಸು. ಅಲ್ಲಿ ಎಷ್ಟು ಅಂಗಡಿ ಹತ್ತಿ ಇಳಿದೆವೋ, ಕಥೆ ಹೇಳುವಾಗ ಹನ್ನೆರಡು ಎನ್ನುತ್ತೇನೆ, ಬಹುಶಃ ಆರು. ಪ್ರತಿಯೊಂದು ಅಂಗಡಿಯಲ್ಲೂ ಬಾದಾಮಿಯಂಥ ಒಂದು ಲಡಿಯನ್ನು ಕೈಗೆ ತೆಗೆದುಕೊಂಡು, ನನ್ನ ಭುಜ ಹಿಡಿದು, ಮೌಶಿ ಬೀದಿಗೆ ಇಳಿಯುತ್ತಿದ್ದಳು. ಬಣ್ಣ ನೋಡುವುದು ಬಿಸಿಲಿನಲ್ಲೇ. ನಡುಮಧ್ಯಾಹ್ನದ ಖಾಲಿ ಬೀದಿಯ ನಡುವೆ ನಾನು ಎದೆ ಸೆಟೆಸಿ ನಿಲ್ಲಬೇಕು, ಅವಳು ಲಡಿಯನ್ನು ತುಣುಕಿನ ಪಕ್ಕ ಹಿಡಿದು ಕಣ್ಣು ಕಿರಿದು ಮಾಡಬೇಕು. ಒಂದು ಹಸಿರಿನ ಕಡೆ ವಾಲಿತು, ಒಂದು ಗುಲಾಬಿಯ ಕಡೆ. ಒಂದಂತೂ ನನ್ನ ಕಣ್ಣಿಗೆ ಅದೇ ಆಗಿತ್ತು. "ಅದ ಐತಲ್ಲ ಮೌಶಿ!" ಎಂದೆ. "ಸತ್ತಂಗೈತಿ ಇದು. ನಮ್ಮದು ಉಸಿರಾಡ್ತೈತಿ," ಎಂದಳು.

ಮತ್ತೊಂದು ಬಸ್ಸು ಹಿಡಿದು ಸುಲ್ತಾನ್ ಬಜಾರಿಗೇ ವಾಪಸು ಬಂದೆವು, ಏಕೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ಸೇಠ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅವನ ತಲೆಯ ಮೇಲೆ ಕೊಕ್ಕೆಗೆ ಕೂಸಿನ ಒಂದು ಉಣ್ಣೆ ಅಂಗಿ, ಒಂದು ಕುಲಾವಿ ತೂಗುತ್ತಿದ್ದವು. ಗಿರಾಕಿಗಳಿಗೆ ಮಾದರಿ ತೋರಿಸಲೆಂದು ಹಾಕಿದ್ದು. ಮೌಶಿ ಅದನ್ನೇ ನೋಡಿದಳು. ಆಮೇಲೆ ನನ್ನ ಎದೆಯ ತುಣುಕನ್ನು ನೋಡಿದಳು.

"ಯೇ ವಹೀ ಲಾಟ್ ಹೈ," ಎಂದಳು.

ಸೇಠ ತುತ್ತು ನುಂಗಿದ. ಹೌದು, ಅದೇ ಲಾಟಿನದು, ಹೋದ ಚಳಿಗಾಲದಲ್ಲಿ ಹೆಂಡತಿ ಹೆಣೆದದ್ದು, ಮಾರಲಿಕ್ಕಲ್ಲ. "ಘರ್‌ವಾಲೀ ಕಾ ಹಾಥ್ ಹೈ ಅಮ್ಮಾ," ಎಂದ.

"ಭಾಯೀ, ಮೇರೀ ನೌಕರೀ ಕಾ ಸವಾಲ್ ಹೈ," ಎಂದಳು ಮೌಶಿ. ಅವಳ ಹಿಂದಿ ಅಷ್ಟೇ. ಮುಂದಿನದು ಕನ್ನಡದಲ್ಲಿ ಬಂತು, ಅದು ಅವನಿಗೆ ತಿಳಿಯಲಿ ಬಿಡಲಿ: "ಇದು ಸಿಗಲಿಲ್ಲಂದ್ರ ನಾ ಮತ್ತ ಅಲ್ಲಿಗೇ ಹೋಗಬೇಕ್ರಿ."

ಅವನಿಗೆ ಏನು ತಿಳಿಯಿತೋ. ಕೈ ತೊಳೆದುಕೊಂಡು ಬಂದು, ಸ್ಟೂಲು ಹತ್ತಿ, ಅಂಗಿಯನ್ನೂ ಕುಲಾವಿಯನ್ನೂ ಇಳಿಸಿ, ಧೂಳು ಕೊಡವಿ ಕಾಗದದಲ್ಲಿ ಸುತ್ತಿಕೊಟ್ಟ. "ಯಹಾಂ ಮತ್ ಖೋಲೋ. ಘರ್ ಜಾಕೇ ಖೋಲೋ," ಎಂದ. ಬಿಚ್ಚುವುದಾದರೆ ಮನೆಗೆ ಹೋಗಿ ಬಿಚ್ಚಿ, ನನ್ನೆದುರು ಬೇಡ.

ಮನೆಯಲ್ಲಿ ಬಿಚ್ಚಿದೆವು. ಕೂಸಿನ ತೋಳು, ಎದೆ, ತಲೆ ಒಂದೊಂದಾಗಿ ದಾರವಾದವು. ಒಮ್ಮೆ ಹೆಣೆದು ಬಿಚ್ಚಿದ ಉಣ್ಣೆ ನೆಟ್ಟಗೆ ನಿಲ್ಲುವುದಿಲ್ಲ, ಗುಂಗುರು ಗುಂಗುರಾಗಿರುತ್ತದೆ. ಅವ್ವ ಅನ್ನದ ಪಾತ್ರೆಯ ಆವಿಗೆ ಅದನ್ನು ಹಿಡಿದು, ತುದಿಗೆ ಬೀಗ ಕಟ್ಟಿ ಇಳಿಬಿಟ್ಟಳು. ಸಂಜೆಯ ಹೊತ್ತಿಗೆ ದಾರ ನೆಟ್ಟಗಾಯಿತು, ಮೌಶಿ ಅಡ್ಡಾದಳು. ಬಿಸಿಲು ತಲೆಗೇರಿತ್ತು. ಮೂರು ದಿನ ಜ್ವರ. ಅವ್ವ ಅಂಗಾಲಿಗೆ ಉಳ್ಳಾಗಡ್ಡಿ ರಸ ತಿಕ್ಕಿದಳು, ಮಾವಿನಕಾಯಿ ಬೇಯಿಸಿ ಪಾನಕ ಕುಡಿಸಿದಳು. ತಲೆದಿಂಬಿನ ಪಕ್ಕದಲ್ಲಿ ಎಡತೋಳು ಸೂಜಿಯ ಮೇಲೆ ಹಾಗೇ ಕೂತಿತ್ತು, ಮುಂಗೈಯಿಂದ ನಾಲ್ಕು ಬೆರಳು ಮಾತ್ರ ಬೆಳೆದಿತ್ತು.

"ನೀ ಮಲ್ಕೋ, ನಾ ಹೆಣಿತೀನಿ. ಯಾರಿಗೆ ತಿಳೀತೈತಿ?" ಎಂದಳು ಅವ್ವ.

"ನಿನ್ನ ಕೈ ಭಾಳ ಸಡ್ಲ ಅಕ್ಕಾ. ನೀ ಹೆಣಿದ್ರ ಆ ಒಂದು ತೋಳಿನೊಳಗ ಭಾವನ ಎರಡೂ ಕೈ ಹೋಗ್ತಾವ," ಎಂದಳು ಮೌಶಿ ಕಣ್ಣು ಮುಚ್ಚಿಕೊಂಡೇ. ಅಪ್ಪ ಆಚೆಯಿಂದ, "ನನ್ನ ಯಾಕ ಎಳಿತೀರಿ ನಡುವ?" ಎಂದ.

ಎರಡನೆಯ ದಿನ ಮಧ್ಯಾಹ್ನ ಅವ್ವ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನಾನು ಆ ಒಂಬತ್ತನೇ ನಂಬರಿನ ಸೂಜಿಗಳನ್ನು ಎತ್ತಿಕೊಂಡೆ. ಹದಿನಾಲ್ಕು ಸಾಲು ಹೆಣೆದೆ. ಯಾಕೆ? ಮೌಶಿಯ ಕೆಲಸ ಹಗುರಾಗಲಿ ಎಂದು. ಇದು ನಾನು ಹೇಳುತ್ತಾ ಬಂದ ಕಾರಣ. ನಾನು ಕದ್ದ ದಾರದಿಂದಲೇ ಇಷ್ಟೆಲ್ಲ ಆಯಿತು, ಅದನ್ನು ತೀರಿಸಬೇಕು ಎಂದು. ಇದು ನಲವತ್ತು ದಾಟಿದ ಮೇಲೆ ನನಗೆ ಹೊಳೆದ ಕಾರಣ, ಓದಿದವಳ ಕಾರಣ. ಆ ಹನ್ನೊಂದರ ಹುಡುಗಿಯನ್ನು ಕೇಳಿದರೆ ಬೇರೆಯದೇ ಹೇಳಬಹುದು: ಸೈಕಲ್ ಕಡ್ಡಿಯ ಬದಲು ನಿಜವಾದ ಸೂಜಿ, ತ್ರಿಕೋನದ ಬದಲು ನಿಜವಾದ ತೋಳು, ಹೇಗಿರುತ್ತದೆ ನೋಡೋಣ. ಕುತೂಹಲ, ಅಷ್ಟೇ. ಇದು ನಿಜವಿದ್ದೀತು. ಇದರಿಂದ ನನಗೆ ಯಾವ ಕೀರ್ತಿಯೂ ಬರುವುದಿಲ್ಲವಲ್ಲ.

ಜ್ವರ ಬಿಟ್ಟ ಮೇಲೆ ಮೌಶಿ ಗೋಡೆಗೆ ಒರಗಿ ಕುಳಿತು ಸೂಜಿ ಕೈಗೆ ತೆಗೆದುಕೊಂಡಳು. ಒಂದು ಕ್ಷಣ ತಡೆದಳು. ಒಂದು ಗಾಡಿ ಬಂತು, ಹೋಯಿತು. ಅವಳು ಏನೂ ಅನ್ನದೆ ಹೆಣೆಯತೊಡಗಿದಳು. ಗೊತ್ತಾಗಲಿಲ್ಲ ಎಂದು ನಾನು ಕುಣಿದುಕೊಂಡು ಹೊರಗೆ ಹೋದೆ.

ಕೊನೆಯ ದಿನ ಅವಳು ಇನ್ನೂ ನಿತ್ರಾಣಳಾಗಿದ್ದರಿಂದ ಛತ್ರಿ ಹಿಡಿಯಲು ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ಒಂದು ಶಾಲೆಯ ಉದ್ದನೆಯ ಕೋಣೆ, ನಾನು ವರಾಂಡದ ಕಿಟಕಿಯಲ್ಲಿ. ದೊಡ್ಡ ಮೇಡಮ್ಮು ಬಿಳಿಕೂದಲಿನ ತೆಲುಗು ಹೆಂಗಸು. ಸ್ವೆಟರನ್ನು ಅವರು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓಡಿಸುತ್ತಿದ್ದರು. ಮೌಶಿಯ ಸ್ವೆಟರಿನ ಬೆನ್ನು ಮುಗಿಯಿತು, ಎದೆ, ಬಲತೋಳು. ಎಡತೋಳಿನಲ್ಲಿ ಮುಂಗೈಯಿಂದ ನಾಲ್ಕು ಬೆರಳು ಮೇಲೆ ಹೆಬ್ಬೆರಳು ನಿಂತಿತು.

"ಇಕ್ಕಡ ವೇರೇ ಚೆಯ್ಯಿ ಉಂದಿ," ಎಂದರು. ಇಲ್ಲಿ ಬೇರೆ ಕೈ ಇದೆ.

"ನಾದೇ ಮೇಡಂ," ಎಂದಳು ಮೌಶಿ. ನನ್ನದೇ.

ನಾನು ಈ ಕಥೆಯನ್ನು ಕೆಲವರಿಗೆ ಹೇಳುವಾಗ ಇಲ್ಲಿ ಕಿಟಕಿಯಿಂದ ಕೂಗಿಬಿಡುತ್ತೇನೆ, ಅದು ನಂದು ಎಂದು. ಕೂಗಲಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ಬಾಯಲ್ಲಿಟ್ಟುಕೊಂಡು ಕಚ್ಚುತ್ತಾ ನಿಂತಿದ್ದೆ. ಹೇಳಿದರೆ ಅವಳು ನಪಾಸು, ಹುಮನಾಬಾದು, ನಾಲ್ಕು ತಲೆ. ಹೇಳದಿದ್ದರೆ ಅವಳು ತನ್ನದಲ್ಲದ ಕೈಯನ್ನು ತನ್ನದೆಂದು ಸಾಧಿಸಬೇಕು, ಯಾಕೆ ಹಾಗಾಯಿತೆಂದು ತಿಳಿಯದೆಯೇ. ಹಾಗೆಂದು ನಾನು ಅಂದುಕೊಂಡಿದ್ದೆ.

ಮೇಡಮ್ಮು ಎರಡು ಸೂಜಿ, ಒಂದು ಉಂಡೆ ಮುಂದಿಟ್ಟು ಕೂತು ಹೆಣೆ ಎಂದರು. ಮೌಶಿ ನೀರು ಕೇಳಿದಳು. ಕೈ ತೊಳೆದು, ಸೆರಗಿಗೆ ಒರೆಸಿ, ನನಗೆ ಬೆನ್ನು ಮಾಡಿ ಕುಳಿತಳು. ಬಹಳ ಹೊತ್ತು. ಸೂಜಿಯ ಟಿಕ್ ಟಿಕ್ ಕಿಟಕಿಯವರೆಗೆ ಬರುತ್ತಿತ್ತು. ಹೆಣೆದದ್ದನ್ನು ಮೇಡಮ್ಮು ತೆಗೆದುಕೊಂಡು ಒಂದು ಹೆಬ್ಬೆರಳು ಅದರ ಮೇಲೆ, ಇನ್ನೊಂದು ಎಡತೋಳಿನ ಮೇಲೆ ಓಡಿಸಿದರು. ಹುಬ್ಬು ಮೇಲೇರಿತು.

"ಭಯಮೇಸ್ತೇ ಚೆಯ್ಯಿ ಬಿಗುಸ್ತುಂದಾ ನೀಕು?" ಭಯವಾದರೆ ನಿನ್ನ ಕೈ ಬಿಗಿಯಾಗುತ್ತದೆಯೇ?

ಮೌಶಿ ಹೌದೆಂದು ತಲೆಯಾಡಿಸಿದಳು.

"ಪಿಲ್ಲಲಕಿ ನೇರ್ಪೇಟಪ್ಪುಡು ಭಯಪಡಕು," ಎಂದರು ಮೇಡಮ್ಮು. ಮಕ್ಕಳಿಗೆ ಕಲಿಸುವಾಗ ಹೆದರಬೇಡ. ಆಮೇಲೆ ಏನೋ ಬರೆದುಕೊಂಡು ಮುಂದಿನವಳನ್ನು ಕರೆದರು. ಮಕ್ಕಳಿಗೆ ಕಲಿಸುವಾಗ ಎಂದರೆ ಪಾಸು ಎಂದರ್ಥ ಎಂಬುದು ನಮಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ, ನಾವು ಇಳಿಯಬೇಕಾದ ನಿಲ್ದಾಣ ದಾಟಿಹೋದ ಮೇಲೆ.

ಮೌಶಿ ಸನತ್‌ನಗರದ ಶಾಲೆಗೆ ಸೇರಿದಳು. ಅಪ್ಪ ಮಾಮಾನಿಗೆ ಪತ್ರ ಬರೆದ, ಇಲ್ಲಿ ಎಲ್ಲರೂ ಕ್ಷೇಮ ಎಂದು ಮುಗಿಸಿದ. ಸಮಾಧಾನಕ್ಕೆ ಇರಲೆಂದು ಆ ಸ್ವೆಟರನ್ನು ಮಾಮಾನಿಗೇ ಕಳಿಸಿದರು. ಅವನು ಅದನ್ನು ತೊಟ್ಟು ಊರೆಲ್ಲ ತಿರುಗಿದನಂತೆ, ನನ್ನ ತಂಗಿ ಟೀಚರ್ ಎಂದು. ಎಡಗೈ ಹಾಕುವಾಗ ಮಾತ್ರ ಸ್ವಲ್ಪ ಸಿಕ್ಕಿಕೊಂಡು ಗೊಣಗುತ್ತಿದ್ದನಂತೆ.

ಮೌಶಿಗೆ ಈಗ ಎಪ್ಪತ್ತೆಂಟು. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಮನೆಗೆ ಹೋದೆ, ಇನ್ನು ತಡ ಮಾಡಬಾರದು ಎಂದು ನಿರ್ಧರಿಸಿಕೊಂಡು. ಅವಳು ನೆಲಕ್ಕೆ ಕಾಗದ ಹಾಸಿ ಪುಂಡಿ ಸೊಪ್ಪಿನ ಎಲೆ ಬಿಡಿಸುತ್ತಿದ್ದಳು.

"ಮೌಶಿ, ನಿನಗ ಒಂದು ಮಾತು ಹೇಳೋದೈತಿ."

"ಹೇಳು. ಕೈಗೆ ಕೆಲಸ ಐತಿ, ಕಿವಿ ಖಾಲೀನ ಅದಾವ."

ಎಲ್ಲ ಹೇಳಿದೆ. ಕದ್ದ ದಾರ, ಅದರಿಂದ ಕಡಿಮೆ ಬಿದ್ದ ಉಣ್ಣೆ, ಅದರಿಂದ ಬಿಸಿಲು, ಬಿಸಿಲಿನಿಂದ ಜ್ವರ, ಜ್ವರದಿಂದ ಹದಿನಾಲ್ಕು ಸಾಲು, ಕೊನೆಗೆ ಕಿಟಕಿಯಲ್ಲಿ ನನ್ನ ಮೌನ. ವರ್ಷಗಳಿಂದ ಜೋಡಿಸಿಟ್ಟ ಸರಪಳಿ, ಒಂದು ಕೊಂಡಿಯೂ ತಪ್ಪದಂತೆ ಹೇಳಿದೆ. ಅವಳು ಎಲೆ ಕೀಳುತ್ತಲೇ ಇದ್ದಳು.

"ಮುಗೀತೇನು?"

"ಮುಗೀತು."

"ನೀ ಸೈಕಲ್ ಕಡ್ಡಿ ಹಿಡಕೊಂಡು ಕುಂತದ್ದು ನನಗ ಗೊತ್ತಿತ್ತಲ್ಲ. ಬಾಗಲ ಕೆಳಗ ನಿನ್ನ ಕಾಲು ಕಾಣತಿದ್ವು. ಸಂದಿಯಾಗಿಂದ ನೋಡೀನೂ ನೋಡಿದ್ದೆ."

"ಮತ್ತ ಬೈಲಿಲ್ಲ?"

"ಎಂಟು ಮಾರು ದಾರಕ್ಕ ಏನ ಬೈಯೋದು? ಒಂದು ತೋಳಿಗೆ ನೂರು ಮಾರಿನ ಮ್ಯಾಲೆ ಬೇಕು. ಕಡಿಮಿ ಬಿದ್ದದ್ದು ನನ್ನ ಲೆಕ್ಕ ತಪ್ಪಿ. ಸೇಠ ಹನ್ನೊಂದು ಅಂದ, ನಾ ಒಂಬತ್ತು ಅಂದೆ. ಸೊಕ್ಕು."

ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ನನ್ನ ಅಪರಾಧ ಎಂಟು ಮಾರು ದಾರವಾಗಿ ಪುಂಡಿಯ ದಂಟುಗಳ ಪಕ್ಕ ಬಿತ್ತು. ಸ್ವಲ್ಪ ಬೇಜಾರೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

"ಆ ಹದಿನಾಲ್ಕು ಸಾಲು?"

"ಸೂಜಿ ಹಿಡದ ಕೂಡಲೇ ತಿಳೀತು. ಕುಣಿಕಿ ಸೂಜಿ ಮ್ಯಾಲೆ ಸರೀಲೇ ಇಲ್ಲ, ಅಷ್ಟು ಬಿಗದಿದ್ದಿ."

"ಮತ್ತ ಯಾಕ ಬಿಚ್ಚಲಿಲ್ಲ ಮೌಶಿ?"

ನಿನ್ನ ಮೇಲಿನ ಮಮತೆಗೆ ಎಂದು ಹೇಳುತ್ತಾಳೆ ಎಂದು ಕಾದೆ. ಎಷ್ಟು ವಯಸ್ಸಾದರೂ ನಾನು ಕಾಯುವವಳೇ.

"ಆ ಕೂಸಿನ ಉಲನ್ ಒಮ್ಮೆ ಬಿಚ್ಚಿದ್ದು. ಇನ್ನೊಮ್ಮೆ ಬಿಚ್ಚಿದ್ರ ಹತ್ತಿ ಆಗಿ ಹೋಗತಿತ್ತು. ಮತ್ತ ಯಾವ ಕೂಸಿನ ಕುಲಾವಿ ಕೇಳಾಕ ಹೋಗ್ಲಿ?"

"ಪಾಪ, ಅದಕ್ಕ ಆ ಮೇಡಮ್ಮಿನ ಮುಂದ ಅಂಜಿ ಅಂಜಿ ಹೆಣಿದಿ. ಅಂಜಿಕೀಗೆ ಕೈ ಬಿಗಿ ಆತು," ಎಂದೆ.

ಮೌಶಿ ಮೊದಲ ಸಲ ಎಲೆ ಕೀಳುವುದನ್ನು ನಿಲ್ಲಿಸಿದಳು.

"ಅಂಜಿಕೀಗೆ ನನ್ನ ಕೈ ಸಡ್ಲ ಆಗತೈತಿ," ಎಂದಳು. "ಅದಕ್ಕ ಮೊದಲ ನೀರು ಕೇಳಿದೆ. ಕೈ ತೊಳಕೋತ ನೀ ಹೆಂಗ ಹೆಣಿತಿದ್ದಿ ಅಂತ ನೆನಸಿದೆ. ದಾರಾ ತೋರುಬೆರಳಿಗೆ ಎರಡು ಸುತ್ತು ಸುತ್ತತಿದ್ದಿ ನೀನು. ಹಂಗ ಸುತ್ತಿದೆ. ನಿನ್ನಂಗ ನಾಲಿಗೀನೂ ಕಚ್ಚಿದೆ, ಆದ್ರ ಬಾಯಿ ಮುಚ್ಚಿಕೊಂಡು. ನಿನ್ನ ಕೈ ನನಗ ಬರಲಿಕ್ಕೆ ನಾಲ್ಕು ಸಾಲು ಹಿಡೀತು. ಆಮ್ಯಾಲೆ ಬರಾಬರ್ ಬಂತು."

ಇದು ನಿಜವೇ, ಅಥವಾ ನನ್ನಂತೆಯೇ ಅವಳೂ ಕಥೆಯನ್ನು ಒಂದು ಸಾಲು ಚೆನ್ನಾಗಿಸಿದಳೇ? ಕೇಳಲು ಆ ಮೇಡಮ್ಮು ಇಲ್ಲ, ಮಾಮಾನೂ ಇಲ್ಲ, ಸ್ವೆಟರು ಏನಾಯಿತೋ ಗೊತ್ತಿಲ್ಲ. ಅವಳು ಅಂದು ನನಗೆ ಬೆನ್ನು ಮಾಡಿ ಕುಳಿತದ್ದು ಮಾತ್ರ ನಿಜ.

"ಹಂಗಾದ್ರ ನೀ ಪಾಸಾದದ್ದು ನನ್ನ ಹೆಣಿಗಿಗೆ," ಎಂದೆ, ಹೋದ ಮಾನ ಸ್ವಲ್ಪವಾದರೂ ವಾಪಸು ಬರಲೆಂದು.

"ನಿನ್ನ ಹೆಣಿಗಿಗೆ ಯಾರ ಪಾಸ್ ಮಾಡತಾರ? ಅದನ್ನ ಬಿಡಸೋದ ನನ್ನ ನೌಕರಿ ಆತು. ಇಪ್ಪತ್ತೇಳು ವರ್ಷ, ಪ್ರತಿ ಜೂನ್‌ದಾಗ ಹೊಸಾ ಹುಡುಗ್ಯಾರು ಎರಡೆರಡು ಸುತ್ತು ಸುತ್ತಕೊಂಡು ಕುಂಡ್ರತಿದ್ರು. ದಾರಾ ಎಲ್ಲಿ ಓಡಿ ಹೋಗತೈತೋ ಅಂತ. ಒಂದು ಸುತ್ತು ಬಿಚ್ಚೋದು, ಅದ ಮೊದಲನೇ ಪಾಠ. ನಿನಗೊಬ್ಬಾಕಿಗೆ ಹೇಳೋದು ಉಳದಿತ್ತು ನೋಡು."

ಪುಂಡಿಯ ಕಟ್ಟಿಗೆ ಸುತ್ತಿದ್ದ ದಾರವನ್ನು ಬಿಡಿಸಿ ತೆಗೆದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ತಾ ಬೆರಳ," ಎಂದಳು.

ಕೊಟ್ಟೆ. ತೋರುಬೆರಳಿಗೆ ದಾರವನ್ನು ಸುತ್ತಿ ಬಿಟ್ಟಳು.

"ಒಂದ."

"ಇಷ್ಟ ಸಾಕೇನು?"

"ಸಾಕು. ಕೈ ಸಡ್ಲ ಬಿಡು."